ಗ್ರೇಸಿ ಕೇಳಿದ ಎರಡು ಮೆಟ್ಟಿಲು

ನಮ್ಮ ದುಬೈಯ ಕನ್ನಡ ಸಂಘದ ವಾರ್ಷಿಕ ಸಂಚಿಕೆಯವರು ಈ ಸಲ ನನ್ನ ಬೆನ್ನು ಬಿದ್ದರು. "ಇಲ್ಲಿನ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಹಾಡು ಹಾಡಿದ ನಮ್ಮವರು ನೀವೊಬ್ಬರೇ. ಈಗ ಆ ಕೆಲಸಕ್ಕೆ ಹೋಗುತ್ತಿರುವ ಹುಡುಗಿಯರಿಗೆ ಉಪಯೋಗವಾಗುವ ಹಾಗೆ ನಾಲ್ಕು ಮಾತು ಬರೆದುಕೊಡಿ" ಎಂದರು. ಅವರ ಮಾತಿನಲ್ಲೇ ಒಂದು ತಪ್ಪಿದೆ. ನಾನೊಬ್ಬಳಲ್ಲ, ನಾವು ಮೂವರು. ಪೋಸ್ಟರಿನ ಮೇಲೆ 'ಕಾರ್ನಿಶ್ ಸಿಸ್ಟರ್ಸ್' ಎಂದು ಇರುತ್ತಿತ್ತು. ನಾವು ಅಕ್ಕತಂಗಿಯರೂ ಅಲ್ಲ, ಅಬುಧಾಬಿಯ ಕಡಲ ದಂಡೆಯ ಕಾರ್ನಿಶ್ ರಸ್ತೆಯವರೂ ಅಲ್ಲ. ಮೂವರೂ ದುಬೈಯ ಕರಾಮದವರು. ಹೋಟೆಲಿನ ಮ್ಯಾನೇಜರಿಗೆ ಕರಾಮ ಎಂದರೆ ಅಗ್ಗದ ಬಟ್ಟೆ ಮತ್ತು ಇಡ್ಲಿ ಸಾಂಬಾರ್ ನೆನಪಾಗುತ್ತಿತ್ತಂತೆ, ಅದಕ್ಕೆ ಆ ಹೆಸರು ಕೊಟ್ಟ.

ಯಾವ ಯಾವ ಹೋಟೆಲು, ಯಾರು ಕೈಕುಲುಕಿದರು, ಯಾವ ಪತ್ರಿಕೆಯಲ್ಲಿ ಫೋಟೋ ಬಂತು ಎಂಬುದನ್ನು ನಾನು ಬರೆಯುವುದಿಲ್ಲ. ಅವೆಲ್ಲ ನಮ್ಮ ಮನೆಯ ಗೋಡೆಯ ಮೇಲಿವೆ, ಬೇಕಾದವರು ಬಂದು ನೋಡಬಹುದು. ಶುಂಠಿ ನೀರು, ಜ್ಯೇಷ್ಠಮಧು, ಪ್ರಾಣಾಯಾಮ ಇವುಗಳ ವಿಷಯವೂ ಬೇಡ, ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಾನು ಬರೆಯಲು ಕೂತದ್ದು ನಾನು ಮಾಡಿದ ಒಂದು ಕೆಲಸದ ಬಗ್ಗೆ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆಯಾಗಿ ಹೇಳಿಲ್ಲ, ಬೇರೆ ಘನವಾದ ಕಾರಣ ಯಾವುದೂ ಇಲ್ಲ.

ಮೊದಲಿನಿಂದ ಹೇಳುತ್ತೇನೆ. ನಾನು ಕಾಪು ಕಡೆಯವಳು. ಮದುವೆಯಾಗಿ ಕರಾಮಕ್ಕೆ ಬಂದಾಗ ನನ್ನ ಸಂಗೀತವೆಂದರೆ ಭಜನಾ ಮಂಡಳಿಯ ಹಾರ್ಮೋನಿಯಂ ಅಷ್ಟೇ. ನಮ್ಮ ಕಟ್ಟಡದಲ್ಲಿ ಎಲ್ಲ ಅಡುಗೆಮನೆಗಳ ಕಿಟಕಿಗಳೂ ಒಂದೇ ಗಾಳಿಗೂಡಿಗೆ ತೆರೆದುಕೊಳ್ಳುತ್ತಿದ್ದವು. ಮೂರನೇ ಮಹಡಿಯಲ್ಲಿ ಯಾರೋ ಒಬ್ಬಳು ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳು. ಇಂಗ್ಲಿಷ್ ಹಾಡು, ಆದರೆ ಇಂಗ್ಲಿಷಿನವರ ಹಾಗೆ ತಣ್ಣಗೆ ಅಲ್ಲ. ದೇವರನ್ನು ಬೈಯುತ್ತಿದ್ದಾಳೋ ಬೇಡುತ್ತಿದ್ದಾಳೋ ಗೊತ್ತಾಗದ ಹಾಗೆ. ನನಗೆ ಭಜನೆಯ ಅಭ್ಯಾಸ, ಯಾರಾದರೂ ಹಾಡಿದರೆ ಸುಮ್ಮನಿರಲು ಬರುವುದಿಲ್ಲ. ಎರಡನೇ ಮಹಡಿಯಲ್ಲಿ ಹುಳಿ ಕುದಿಸುತ್ತ ಅವಳ ದನಿಗೆ ಕೆಳಗಿನಿಂದ ಒಂದು ದನಿ ಸೇರಿಸುತ್ತಿದ್ದೆ. ಒಂದು ದಿನ ಮೇಲಿನ ಕಿಟಕಿಯಿಂದ ತಲೆ ಹೊರಗೆ ಬಂತು.

"ಕೆಳಗೆ ಹಾಡುದು ಯಾರು? ಮೇಲೆ ಬನ್ನಿ ಮಾರಾಯ್ರೆ, ಚಾ ಕುಡಿಯುವ."

ಅವಳೇ ಗ್ರೇಸಿ. ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು. ಗಂಡ ತೀರಿಕೊಂಡಿದ್ದ, ಲಿನೆಟ್ ಎಂಬ ಐದು ವರ್ಷದ ಮಗಳಿದ್ದಳು. ಗ್ರೇಸಿ ಒಂದು ಕಾರ್ಗೋ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದಳು, ವಾರವಾರ ಪಕ್ಕದ ಬಡಾವಣೆ ಊದ್ ಮೇಥಾದ ಚರ್ಚಿನಲ್ಲಿ ಹಾಡುತ್ತಿದ್ದಳು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವಳ ಅಣ್ಣ ಸೋಲ್ ಎಂಬ ಬಗೆಯ ಹಾಡುಗಳ ಕ್ಯಾಸೆಟ್ಟುಗಳನ್ನು ತಂದುಕೊಟ್ಟಿದ್ದ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿ ಹೊರಗೆ ಬಂದ ಹಾಡುಗಾರಿಕೆ ಅದು. ಪ್ರಾರ್ಥನೆಯ ಧಾಟಿಯಲ್ಲೇ ಪ್ರೀತಿಯನ್ನೂ ಜಗಳವನ್ನೂ ಹಾಡುತ್ತಾರೆ. ಗ್ರೇಸಿಗೆ ಅದು ಹುಟ್ಟಿನಿಂದ ಬಂದಂತಿತ್ತು. ಅವಳ ಮನೆಮಾತು ಕೊಂಕಣಿ, ನನ್ನದು ತುಳು, ನಮ್ಮ ಮಾತೆಲ್ಲ ಮಂಗಳೂರು ಕನ್ನಡದಲ್ಲಿ.

ಮೂರನೆಯವಳು ಹೇಮಾ. ಮೈಸೂರಿನವಳು, ಅಲ್ ಮುರಕ್ಕಬಾತ್‌ನಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿದ್ದಳು. ಮೇಲಿನ ದನಿ ಅವಳದು, ನಡುವೆ ಮುಖ್ಯ ಹಾಡು ಗ್ರೇಸಿಯದು, ಕೆಳಗಿನ ದನಿ ನನ್ನದು. ಜೊತೆಗೆ ಕೀಬೋರ್ಡ್ ನುಡಿಸುವುದು, ಹಾಡು ಆರಿಸುವುದು, ಯಾರು ಯಾವ ಸ್ವರ ಹಿಡಿಯಬೇಕೆಂದು ಹೇಳುವುದು ಎಲ್ಲವೂ ನನ್ನ ಪಾಲಿಗೆ ಬಂತು. ಬಂತು ಎಂದರೆ ಸುಳ್ಳು, ನಾನೇ ಎಳೆದುಕೊಂಡೆ. ಪಾಶ್ಚಾತ್ಯ ನೊಟೇಶನ್ ನಮಗಾರಿಗೂ ಬರುತ್ತಿರಲಿಲ್ಲ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸರಿಗಮದಲ್ಲೇ ಮೂರು ಸಾಲು ಬರೆಯುತ್ತಿದ್ದೆ. ಹೇಮಾ ವೀಣೆ ಕಲಿತವಳು, ಓದಿಕೊಳ್ಳುತ್ತಿದ್ದಳು. ಗ್ರೇಸಿಗೆ ಅದೂ ಬರುತ್ತಿರಲಿಲ್ಲ. ಒಂದು ಸಲ ಕೇಳಿದರೆ ಸಾಕು, ಹಾಡಿಬಿಡುತ್ತಿದ್ದಳು. ಶ್ರುತಿ ಯಾವುದು, ಕೀಬೋರ್ಡಿನಲ್ಲಿ ಯಾವ ಗುಂಡಿ ಏನು ಮಾಡುತ್ತದೆ, ಅದೆಲ್ಲ ಅವಳಿಗೆ ಬೇಡವಾಗಿತ್ತು. "ಅದು ವಾಸಂತಿ ನೋಡಿಕೊಳ್ತಾಳೆ" ಎನ್ನುತ್ತಿದ್ದಳು. ಆ ಮಾತು ಕೇಳಿ ನಾನು ಉಬ್ಬಿಹೋಗುತ್ತಿದ್ದೆ.

ನಮಗೆ ಸಿಕ್ಕಿದ ಮೊದಲ ಕೆಲಸ ಅಬುಧಾಬಿಯ ಒಂದು ಹೋಟೆಲಿನ ಶುಕ್ರವಾರದ ಬ್ರಂಚ್. ಆಗ ಇಲ್ಲಿ ವಾರದ ರಜೆ ಶುಕ್ರವಾರ. ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಜನ ತಿನ್ನುತ್ತಾರೆ, ನಾವು ಹಾಡುತ್ತೇವೆ. ಅಲ್ಲಿನ ಮ್ಯಾನೇಜರ್ ನಬೀಲ್ ಲೆಬನಾನಿನವನು. ಅವನು ಹಾಡು ಕೇಳುತ್ತಲೇ ಇರಲಿಲ್ಲ, ಅತಿಥಿಗಳ ಫೋರ್ಕ್ ನೋಡುತ್ತಿದ್ದ. ಫೋರ್ಕ್ ನಿಂತರೆ ಹಾಡು ಜೋರಾಯಿತು ಎಂದು ಅರ್ಥ. ಫೋರ್ಕ್ ನಿಲ್ಲದೆ ತಲೆ ಮಾತ್ರ ಅಲುಗಾಡಿದರೆ ಹಾಡು ಸರಿಯಾಗಿದೆ. ನಗಬೇಡಿ, ಇಪ್ಪತ್ತು ವರ್ಷದಲ್ಲಿ ನಾನು ಕಂಡ ಅತ್ಯಂತ ನೇರವಾದ ವಿಮರ್ಶಕ ಅವನೇ.

ಮೊದಲ ದಿನವೇ ಮಾನ ಹೋಯಿತು. ನನ್ನ ಎರಡೂ ಕೈಯಲ್ಲಿ ಡಜನ್ ಗಾಜಿನ ಬಳೆಗಳು. ಕೀಬೋರ್ಡ್ ಬಿಟ್ಟು ಮೈಕ್ ಹಿಡಿದು ನಿಂತ ಹಾಡುಗಳಲ್ಲಿ ನನಗೆ ಗೊತ್ತಿಲ್ಲದೆಯೇ ಕೈ ತಾಳ ಹಾಕುತ್ತಿತ್ತು. ಭಜನೆಯ ಕೈ ಅದು, ಸುಮ್ಮನಿರುವುದಿಲ್ಲ. ಎರಡನೇ ಹಾಡು ಮುಗಿದಾಗ ನಬೀಲ್ ಬಂದು ತುಂಬ ಮರ್ಯಾದೆಯಿಂದ ಕೇಳಿದ. "ಮೇಡಂ, ಹೂ ಈಸ್ ವಾಶಿಂಗ್ ಸ್ಪೂನ್ಸ್?" ಹೇಮಾ ನಕ್ಕು ನಕ್ಕು ಮೂರನೇ ಹಾಡಿನ ಮೊದಲ ಸಾಲು ತಪ್ಪಿಸಿದಳು. ಮೈಕ್ ಹಿಡಿಯುವ ಹುಡುಗಿಯರು ಬಳೆ ತೆಗೆದಿಡಿ. ವೇದಿಕೆಯ ಮೇಲೆ ಏಸಿಯ ಕಿಂಡಿ ಎಲ್ಲಿದೆ ಎಂದು ಮೊದಲು ನೋಡಿ, ಅದರ ಕೆಳಗೆ ನಿಲ್ಲಬೇಡಿ. ದಪ್ಪ ಕಾರ್ಪೆಟ್ ಇರುವ ಹಾಲಿನಲ್ಲಿ ನಿಮ್ಮ ದನಿ ನಿಮಗೇ ಕೇಳಿಸುವುದಿಲ್ಲ, ಆಗ ಕಿರುಚಬೇಡಿ, ಎದುರಿಗೊಂದು ಸ್ಪೀಕರ್ ಕೇಳಿ ಪಡೆಯಿರಿ. ಇಂಥ ಬುದ್ಧಿಮಾತು ನನ್ನ ಹತ್ತಿರ ಬೇಕಾದಷ್ಟಿದೆ, ಕೊಡಲು ಏನೂ ಕಷ್ಟವಿಲ್ಲ.

ಈಗ ಕಷ್ಟದ್ದಕ್ಕೆ ಬರುತ್ತೇನೆ. ಮೂರು ದನಿ ಸೇರಿ ಹಾಡುವುದೆಂದರೆ ಲಿಫ್ಟಿಲ್ಲದ ಕಟ್ಟಡದಲ್ಲಿ ಮೂವರು ಸೇರಿ ಒಂದು ಕಪಾಟು ಹೊತ್ತ ಹಾಗೆ. ಒಬ್ಬರು ಒಂದು ಮೆಟ್ಟಿಲು ಇಳಿದರೆ ಮೂವರೂ ಇಳಿಯಬೇಕು. ಮುಖ್ಯ ಹಾಡುಗಾರ್ತಿಯ ಗಂಟಲಿಗೆ ಹಾಡು ಎತ್ತರವಾದರೆ ಶ್ರುತಿ ಇಳಿಸುತ್ತಾರೆ, ಜಗತ್ತಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ನಾನಾಗಲೇ ಕೊನೆಯ ಮೆಟ್ಟಿಲಿನಲ್ಲಿದ್ದೆ. ಮಂದ್ರದ ಪಂಚಮದಿಂದ ಕೆಳಗೆ ನನ್ನ ಗಂಟಲಲ್ಲಿ ಬರುತ್ತಿದ್ದುದು ಬರೀ ಉಸಿರು. ಹಾಗಾಗಿ ನಮ್ಮ ಹಾಡುಗಳನ್ನು ನಾನು ಮೊದಲ ದಿನದಿಂದಲೇ ನನಗೆ ಒಗ್ಗುವ ಶ್ರುತಿಯಲ್ಲಿ ಇಟ್ಟಿದ್ದೆ. ಕೆಲವು ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಇದ್ದದ್ದಕ್ಕಿಂತಲೂ ಎರಡು ಮೆಟ್ಟಿಲು ಮೇಲೆ ಏರಿಸಿದ್ದೆ. ಆಗ ಅದು ತಪ್ಪಲ್ಲ, ಗ್ರೇಸಿಯ ದನಿ ಬೆಣ್ಣೆಯ ಹಾಗೆ ಮೇಲೇರುತ್ತಿತ್ತು. ಏರಿಸಿದ್ದೇನೆಂದು ಅವಳಿಗೆ ಹೇಳಿರಲಿಲ್ಲ ಅಷ್ಟೇ.

ಹದಿನಾಲ್ಕು ವರ್ಷ ಹಾಗೇ ನಡೆಯಿತು. ಗ್ರೇಸಿ ಕಾರ್ಗೋ ಆಫೀಸು ಬಿಟ್ಟು ಹಾಡನ್ನೇ ನಂಬಿದಳು. ಶುಕ್ರವಾರ ಬೆಳಿಗ್ಗೆ ಚರ್ಚಿನ ಪೂಜೆಯಲ್ಲಿ ಹಾಡಿ, ವ್ಯಾನಿನಲ್ಲಿ ಅಬುಧಾಬಿಗೆ ಬಂದು ಬ್ರಂಚ್, ಶನಿವಾರ ದುಬೈಯಲ್ಲಿ ಇನ್ನೊಂದು ಹೋಟೆಲು, ವಾರದಲ್ಲಿ ಎರಡು ದಿನ ಸಂಜೆಯ ಚಹಾದ ಹೊತ್ತಿಗೆ ಲಾಬಿಯಲ್ಲಿ ಹಾಡು. ನಲವತ್ತು ದಾಟಿದ ಮೇಲೆ ಅವಳ ಮೇಲಿನ ಸ್ವರಗಳಿಗೆ ಕೂದಲೆಳೆಯಷ್ಟು ಒರಟು ಬಂತು. ರಂಜಾನ್ ತಿಂಗಳಲ್ಲಿ ಹೋಟೆಲುಗಳಲ್ಲಿ ಹಾಡು ಇರುತ್ತಿರಲಿಲ್ಲ. ಆ ಒಂದು ತಿಂಗಳು ಸುಮ್ಮನಿದ್ದು ಈದ್‌ಗೆ ಅವಳು ಬರುತ್ತಿದ್ದಾಗ ದನಿ ಮತ್ತೆ ಹೊಸದಾಗಿರುತ್ತಿತ್ತು. "ನಮ್ಮ ಗ್ರೇಸಿ ರಂಜಾನಿನಲ್ಲಿ ಗಂಟಲಿನ ಉಪವಾಸ ಮಾಡ್ತಾಳೆ" ಎಂದು ಹೇಮಾ ತಮಾಷೆ ಮಾಡುತ್ತಿದ್ದಳು.

ಒಂದು ಶುಕ್ರವಾರ, ಸಮುದ್ರಾಹಾರದ ಟೇಬಲಿನ ಮುಂದೆ ಸಾಲು ನಿಂತಿತ್ತು. ಒಂದು ನಿಧಾನದ ಹಾಡಿನ ತುದಿಯ ಸ್ವರದಲ್ಲಿ ಗ್ರೇಸಿಯ ದನಿ ಹರಿಯಿತು. ಬಟ್ಟೆ ಹರಿದ ಶಬ್ದವೇ ಬಂತು. ಹಾಡು ಕೆಟ್ಟಿತು ಎಂದುಕೊಂಡೆ. ಆದರೆ ಹಾಲಿನಲ್ಲಿ ಫೋರ್ಕುಗಳು ನಿಂತವು. ಜನ ಎದ್ದು ಚಪ್ಪಾಳೆ ಹೊಡೆದರು. ಸೋಲ್ ಹಾಡಿನಲ್ಲಿ ದನಿ ಒಡೆದರೆ ಅದು ಭಾವ ಎಂದುಕೊಳ್ಳುತ್ತಾರೆ. ಒಬ್ಬ ಇಂಗ್ಲಿಷ್ ಹೆಂಗಸು ಕಣ್ಣೊರೆಸಿಕೊಂಡಳು. ನಬೀಲ್ ಓಡಿಬಂದು, "ದಟ್, ದಟ್! ಎವ್ರಿ ಫ್ರೈಡೇ, ಯಲ್ಲಾ!" ಎಂದ. ಫೋರ್ಕ್ ನಿಂತದ್ದಕ್ಕೆ ಅವನು ಸಂತೋಷಪಟ್ಟದ್ದು ಅದೇ ಮೊದಲು.

ಅಂದಿನಿಂದ ನಮಗೆ ಬೇಡಿಕೆ ಹೆಚ್ಚಾಯಿತು. ಗ್ರೇಸಿಯ ಗಂಟಲು ಹರಿಯುತ್ತಿದ್ದ ವರ್ಷವೇ ನಮ್ಮ ಅತ್ಯಂತ ಒಳ್ಳೆಯ ವರ್ಷ. ಗೋಡೆಯ ಮೇಲಿನ ಫೋಟೋಗಳಲ್ಲಿ ಅರ್ಧ ಆ ವರ್ಷದವು. ಅವುಗಳನ್ನು ನೋಡಿದಾಗಲೆಲ್ಲ ನನಗೆ ಮುಖ ತಿರುಗಿಸಬೇಕೆನಿಸುತ್ತದೆ, ಆದರೂ ಇನ್ನೂ ತೆಗೆದಿಲ್ಲ.

ದನಿ ಮೊದಲ ಸಲ ಹರಿದ ಮುಂದಿನ ತಿಂಗಳು ಗ್ರೇಸಿ ಕೇಳಿದಳು. ನಮಗೆ ಬಟ್ಟೆ ಬದಲಿಸಲು ಅಡುಗೆಮನೆಯ ಪಕ್ಕ ಕುರ್ಚಿಗಳನ್ನು ಪೇರಿಸಿಟ್ಟ ಒಂದು ಕೋಣೆ ಕೊಟ್ಟಿದ್ದರು. ಅಲ್ಲಿ ಕೂತು ಬಿಸಿನೀರು ಕುಡಿಯುತ್ತ ಅವಳು ಮೆಲ್ಲಗೆ ಹೇಳಿದಳು.

"ವಾಸಂತಿ, ಆ ನಿಧಾನದ ಹಾಡುಗಳನ್ನು ಒಂದೆರಡು ಮೆಟ್ಟಿಲು ಇಳಿಸ್ಲಿಕ್ಕೆ ಆಗ್ತದಾ? ಮೇಲೆ ಹೋಗುವಾಗ ಚೂರಿ ಹಾಕಿದ ಹಾಗೆ ಆಗ್ತದೆ ನೋಡು."

ಆ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಕೀಬೋರ್ಡಿನ ಬದಲು ಲ್ಯಾಪ್‌ಟಾಪಿನಲ್ಲಿ ಮೊದಲೇ ಮುದ್ರಿಸಿದ ವಾದ್ಯಗಳ ಟ್ರ್ಯಾಕ್ ಹಾಕಿ ಹಾಡುತ್ತಿದ್ದೆವು. ಟ್ರ್ಯಾಕಿನ ಶ್ರುತಿ ಇಳಿಸಲು ಮೌಸಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು. ಹಳೆಯ ಕೀಬೋರ್ಡಿನಲ್ಲೂ ಅದಕ್ಕೊಂದು ಗುಂಡಿ ಇತ್ತು. ನಾನು ಲೆಕ್ಕ ಹಾಕಿದೆ. ಎರಡು ಮೆಟ್ಟಿಲು ಇಳಿದರೆ ಆರು ಹಾಡುಗಳಲ್ಲಿ ನನ್ನ ಸಾಲು ಪೂರ್ತಿ ಉಸಿರಾಗುತ್ತದೆ. ಆರು ಹಾಡುಗಳಲ್ಲಿ ನಾನು ಬಾಯಿ ಅಲ್ಲಾಡಿಸುತ್ತ ನಿಲ್ಲಬೇಕು. ಇದು ಅರ್ಧ ನಿಮಿಷದಲ್ಲಿ ತಲೆಯಲ್ಲಿ ಹಾದುಹೋಯಿತು.

"ಟ್ರ್ಯಾಕ್ ಬಂದದ್ದೇ ಹಾಗೆ ಮಾರಾಯ್ತಿ. ಅದನ್ನು ಬದಲಾಯಿಸ್ಲಿಕ್ಕೆ ಆಗೂದಿಲ್ಲ" ಎಂದೆ.

"ಹೌದಾ. ಆಗ್ಲಿ ಬಿಡು" ಎಂದಳು ಗ್ರೇಸಿ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ.

ಓದುವವರು ನನಗೆ ಹೊಟ್ಟೆಪಾಡಿನ ಭಯವಿತ್ತು ಎಂದುಕೊಳ್ಳಬಾರದು. ನನ್ನ ಗಂಡನಿಗೆ ಒಳ್ಳೆಯ ಕೆಲಸವಿತ್ತು, ನನ್ನ ವೀಸಾ ಅವರದೇ ಆಶ್ರಯದಲ್ಲಿತ್ತು, ನಾನು ಹಾಡದಿದ್ದರೆ ಮನೆಯಲ್ಲಿ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಹಾಡು ನಿಂತರೆ ಬೀದಿಗೆ ಬೀಳುತ್ತಿದ್ದವಳು ಗ್ರೇಸಿ. ನನಗಿದ್ದದ್ದು ಬರೀ ಜಂಬ. ಮೂವರಲ್ಲಿ ಒಬ್ಬಳಾಗಿ ನಿಂತು ಮೈಕ್ ಹಿಡಿಯುವ ಆ ಜಾಗ ನನಗೆ ಬೇಕಿತ್ತು.

ಹೇಮಾಗೆ ಅನುಮಾನ ಬಂದಿರಬೇಕು. ಒಂದು ದಿನ ಮೆಟ್ರೋದಲ್ಲಿ ಜೊತೆಗೆ ಬರುವಾಗ ಹೇಳಿದಳು. "ನೋಡ್ರೀ ವಾಸಂತಿ, ಗ್ರೇಸಿ ಗಂಟಲು ಸರಿ ಇಲ್ಲ. ಕೆಳಗಿನ ದನಿಗೆ ಇನ್ನೊಬ್ರನ್ನ ಹುಡುಕೋಣ, ನೀವು ಟ್ರ್ಯಾಕು, ಅಭ್ಯಾಸ ಎಲ್ಲ ನೋಡ್ಕೊಳ್ಳಿ. ನೀವಿಲ್ದೆ ನಾವೇನೂ ಮಾಡಕ್ಕಾಗಲ್ಲ, ಅದು ನಿಮಗೂ ಗೊತ್ತು." ನನಗೆ ಕೇಳಿಸಿದ್ದು ನನ್ನನ್ನು ಹೊರಗೆ ಹಾಕುತ್ತಿದ್ದಾರೆ ಎಂದು. ಎರಡು ವಾರ ಹೇಮಾಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ.

ಆ ವರ್ಷದ ರಂಜಾನ್ ಮುಗಿಯಿತು, ಈದ್ ಬಂತು, ಗ್ರೇಸಿಯ ದನಿ ಮರಳಿ ಬರಲಿಲ್ಲ. ಕರಾಮದಲ್ಲೇ ಒಬ್ಬ ಗಂಟಲಿನ ವೈದ್ಯರ ಬಳಿ ನಾನೇ ಕರೆದುಕೊಂಡು ಹೋದೆ. ಕರೆದುಕೊಂಡು ಹೋದದ್ದನ್ನು ಹಲವರ ಮುಂದೆ ಹೇಳಿಕೊಂಡು ತಿರುಗಿದ್ದೇನೆ ಕೂಡ. ವೈದ್ಯರು ಒಳಗೆ ನಳಿಗೆ ಬಿಟ್ಟು ನೋಡಿ, ದನಿಯ ತಂತುಗಳ ಮೇಲೆ ಗಂಟು ಎದ್ದಿದೆ ಎಂದರು. "ಎರಡು ತಿಂಗಳು ಹಾಡಬೇಡಿ. ಆಮೇಲೆ ಹಾಡಿದರೂ ಕೆಳಗಿನ ಶ್ರುತಿಯಲ್ಲಿ ಹಾಡಿ. ನಿಮ್ಮ ಶ್ರುತಿ ನಿರ್ಧರಿಸುವವರು ಯಾರು?" ಎಂದು ಕೇಳಿದರು.

ಗ್ರೇಸಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು. "ಅದು ಟ್ರ್ಯಾಕ್ ಬರುದೇ ಹಾಗೆ ಡಾಕ್ಟ್ರೆ. ಇವಳು ಏನು ಮಾಡ್ಲಿಕ್ಕಾಗ್ತದೆ?"

ನನ್ನ ಸುಳ್ಳನ್ನು ನನಗಾಗಿ ಅವಳು ಹೇಳಿದಳು. ಆ ಕುರ್ಚಿಯಲ್ಲಿ ಕೂತು ನಾನು ತಲೆಯಾಡಿಸಿದೆ. ನನ್ನ ಇಡೀ ಜೀವಮಾನದಲ್ಲಿ ನನಗೆ ಅದಕ್ಕಿಂತ ಅಸಹ್ಯವಾದ ಗಳಿಗೆ ಬೇರೆ ನೆನಪಿಲ್ಲ.

ಗ್ರೇಸಿ ಎರಡು ತಿಂಗಳು ಬಿಡಲಿಲ್ಲ, ಎರಡು ವಾರ ಬಿಟ್ಟಳು. ಲಿನೆಟ್ ಆಗ ಕಾಲೇಜಿನಲ್ಲಿದ್ದಳು. ಬ್ರಂಚಿನ ಒಪ್ಪಂದ ಕೈತಪ್ಪಿದರೆ ಗ್ರೇಸಿಯ ವೀಸಾ ಏನಾಗುತ್ತದೆಂದು ಗೊತ್ತಿರಲಿಲ್ಲ. ಮತ್ತೆ ಅದೇ ಶ್ರುತಿಯಲ್ಲಿ ಹತ್ತು ತಿಂಗಳು ಹಾಡಿದಳು. ಆಮೇಲೆ ಶಸ್ತ್ರಚಿಕಿತ್ಸೆ ಆಯಿತು. ಮಾತಾಡುವ ದನಿ ಒಂದಿಷ್ಟು ಉಳಿಯಿತು, ಒಣ ಎಲೆ ಉಜ್ಜಿದ ಹಾಗೆ. ಹಾಡು ಖಲಾಸ್.

ಅವಳ ಜಾಗಕ್ಕೆ ರೋಶ್ನಿ ಎಂಬ ಹುಡುಗಿ ಬಂದಳು. ಅಬುಧಾಬಿಯಲ್ಲೇ ಹುಟ್ಟಿ ಬೆಳೆದವಳು, ಇಪ್ಪತ್ತೆರಡು ವರ್ಷ. ಅವಳಿಗೆ ಹಾಡುಗಳ ನಡೆ ಹೇಳಿಕೊಡಲು ಗ್ರೇಸಿಯೇ ಬಂದಳು, ಯಾರೂ ಕರೆದಿರಲಿಲ್ಲ. ನಮ್ಮ ಮನೆಯ ಹಾಲಿನಲ್ಲಿ ಅಭ್ಯಾಸ. ಗ್ರೇಸಿ ಸೋಫಾದ ಮೇಲೆ ಕೂತು ಆ ಪಿಸುದನಿಯಲ್ಲೇ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಸ್ವರವನ್ನು ಜಾರಿಸಬೇಕು ಎಂದು ಹೇಳುತ್ತಿದ್ದಳು. ರೋಶ್ನಿ ಆ ನಿಧಾನದ ಹಾಡನ್ನು ಅರ್ಧ ಹಾಡಿ ನಿಲ್ಲಿಸಿದಳು.

"ಟೂ ಹೈ, ಆಂಟಿ. ಕ್ಯಾನ್ ಐ?" ಎಂದು ನನ್ನ ಉತ್ತರಕ್ಕೂ ಕಾಯದೆ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿ ಎರಡು ಸಲ ಒತ್ತಿದಳು. ಅದೇ ಟ್ರ್ಯಾಕ್ ಎರಡು ಮೆಟ್ಟಿಲು ಕೆಳಗೆ ಶುರುವಾಯಿತು.

ಗ್ರೇಸಿ ಲ್ಯಾಪ್‌ಟಾಪ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಓ. ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದಳು.

ಅಷ್ಟೇ. ನಾನು ಏನೋ ಹೊಸ ಸಾಫ್ಟ್‌ವೇರ್ ಎಂದು ಗೊಣಗಿದೆ. ಹೇಮಾ ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದಳು. ಗ್ರೇಸಿ ರೋಶ್ನಿಯ ಕಡೆ ತಿರುಗಿ ಎರಡನೇ ಸಾಲಿನ ಉಸಿರು ಎಲ್ಲಿ ಎಂದು ಮುಂದುವರಿಸಿದಳು. ಅಂದು ಆರು ಗಂಟೆಯವರೆಗೂ ಹೇಳಿಕೊಟ್ಟು, ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಮುಂದಿನ ಶುಕ್ರವಾರ ನಾನು ಹೆದರಿದ್ದ ಹಾಗೆಯೇ ಆಯಿತು. ಆರು ಹಾಡುಗಳಲ್ಲಿ ನನ್ನ ಗಂಟಲಿನಿಂದ ಉಸಿರು ಮಾತ್ರ ಬಂತು. ಬಾಯಿ ಅಲ್ಲಾಡಿಸಿದೆ. ನಬೀಲ್ ಫೋರ್ಕ್ ನೋಡುತ್ತ ನಿಂತಿದ್ದ. ಹಾಡು ಮುಗಿದ ಮೇಲೆ ಬಂದು ಹೆಬ್ಬೆರಳು ಎತ್ತಿ ತೋರಿಸಿದ. ಕೆಳಗಿನ ದನಿ ಇಲ್ಲವೆಂದು ಆ ಹಾಲಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಆ ವಾರವೂ, ಆಮೇಲಿನ ಮೂರು ವರ್ಷವೂ. ಯಾವ ಸಾಲನ್ನು ಉಳಿಸಿಕೊಳ್ಳಲು ನಾನು ಗ್ರೇಸಿಯ ಗಂಟಲನ್ನು ಕೊಟ್ಟೆನೋ ಆ ಸಾಲು ಇಲ್ಲದೆಯೂ ಬ್ರಂಚ್ ನಡೆಯಿತು. ಕೊರೊನಾ ಬಂದು ಹೋಟೆಲುಗಳು ಮುಚ್ಚಿದಾಗ ನಮ್ಮ ತಂಡವೂ ಮುಗಿಯಿತು. ನನಗೆ ದುಃಖಕ್ಕಿಂತ ಬಿಡುಗಡೆ ಅನಿಸಿತು.

ಗ್ರೇಸಿ ಈಗ ಊದ್ ಮೇಥಾದ ಒಂದು ಶಾಲೆಯ ಲೈಬ್ರರಿಯಲ್ಲಿದ್ದಾಳೆ. ಮಾತು ಕಡಿಮೆ ಇರುವ ಕೆಲಸ. ನಾವು ಇನ್ನೂ ಅದೇ ಕಟ್ಟಡದಲ್ಲಿದ್ದೇವೆ, ಅವಳು ಮೇಲೆ, ನಾನು ಕೆಳಗೆ. ವಾರಕ್ಕೆರಡು ಸಲವಾದರೂ ಭೇಟಿಯಾಗುತ್ತೇವೆ, ನೀರ್‌ದೋಸೆ ಮಾಡಿದರೆ ಕೊಟ್ಟುಕಳಿಸುತ್ತೇವೆ. ಆ ದಿನದ ಮಾತು ಒಮ್ಮೆಯೂ ಬಂದಿಲ್ಲ. ಲಿನೆಟ್ ಮದುವೆಯಾಗಿ ಅಬುಧಾಬಿಯಲ್ಲಿದ್ದಾಳೆ. ಅವಳ ಮಗುವಿನ ನಾಮಕರಣದ ಊಟದಲ್ಲಿ ಯಾರೋ ಗ್ರೇಸಿಯ ಹಳೆಯ ಹಾಡನ್ನು ನೆನೆದರು. ಲಿನೆಟ್ ಎಲ್ಲರೆದುರು, "ಮಮ್ಮಾ ಡಿಡ್ ಇಟ್ ಟು ಹರ್‌ಸೆಲ್ಫ್. ಐಸ್ ವಾಟರ್, ಐಸ್ ವಾಟರ್, ಆಲ್ ಡೇ. ವಾಸಂತಿ ಆಂಟಿ ಎಷ್ಟು ಹೇಳಿದ್ರೂ ಕೇಳ್ಲಿಲ್ಲ" ಎಂದು ಬೈದಳು. ಗ್ರೇಸಿ ತಟ್ಟೆ ನೋಡುತ್ತ ಕೂತಿದ್ದಳು. ತಣ್ಣೀರು ಕುಡಿಯಬೇಡ ಎಂದು ನಾನು ಎಷ್ಟೋ ಸಲ ಹೇಳಿದ್ದು ನಿಜ. ಆ ನಿಜದ ಹಿಂದೆ ಅಡಗಿಕೊಂಡು ನಾನು ಬಿರಿಯಾನಿ ತಿಂದು ಬಂದೆ.

ಇಲ್ಲಿಯವರೆಗೆ ಬರೆದು ನಾಲ್ಕು ದಿನ ಇಟ್ಟುಕೊಂಡೆ. ಅವಳ ಹೆಸರು ಹಾಕಿ, ಅವಳಿಗೆ ತೋರಿಸದೆ ಸಂಚಿಕೆಗೆ ಕಳಿಸುವ ಮುಖ ನನಗಿರಲಿಲ್ಲ. ಮೊನ್ನೆ ಶನಿವಾರ ಬೆಳಿಗ್ಗೆ ಮೂರನೇ ಮಹಡಿಗೆ ಹೋಗಿ ಹಾಳೆಗಳನ್ನು ಕೊಟ್ಟೆ. ಗ್ರೇಸಿ ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತು ಓದಿದಳು. ಲೈಬ್ರರಿಯವರ ಹಾಗೆ, ಒಂದೊಂದು ಹಾಳೆಯನ್ನೂ ಮಗುಚಿಡುತ್ತ. ನಾನು ಬಾಗಿಲಿನ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದೆ. ಓದಿ ಮುಗಿಸಲು ಅರ್ಧ ಗಂಟೆ ಬೇಕಾಯಿತು.

"ಮೊದಲಿಂದಲೇ ಏರಿಸಿ ಇಟ್ಟದ್ದು ನನಗೆ ಗೊತ್ತಿರಲಿಲ್ಲ" ಎಂದಳು. "ಉಳಿದದ್ದು ಆವತ್ತು ರೋಶ್ನಿ ಒತ್ತಿದಾಗಲೇ ಗೊತ್ತಾಗಿದೆ. ಯಾಕೆ ಅಂತ ಮಾತ್ರ ಗೊತ್ತಾಗಿರ್ಲಿಲ್ಲ."

ನಾನು ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಿದೆ. ಅವಳು ಕೈಯೆತ್ತಿ ನಿಲ್ಲಿಸಿದಳು.

"ನನ್ನ ಸ್ವರ ಅಷ್ಟು ಕೆಳಗೆ ಇಳಿಯೂದಿಲ್ಲ ಅಂತ ನೀನು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ವಾಸಂತಿ. ಆ ಆರು ಹಾಡನ್ನೇ ಬಿಡ್ತಿದ್ದೆವು. ನಿನ್ನನ್ನು ಬಿಟ್ಟು ನಾನು ಹಾಡ್ತೇನೆ ಅಂತ ಎಣಿಸಿದ್ಯಾ ನೀನು?"

ನನಗೆ ಆ ಯೋಚನೆ ಎಂದೂ ಬಂದಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಮ್ಮ ಬಳಿ ಎಂಬತ್ತು ಹಾಡುಗಳಾದರೂ ಇದ್ದವು. ಆರು ಹಾಡು ಬಿಟ್ಟರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅಷ್ಟು ಸುಲಭದ ದಾರಿ ಇತ್ತೆಂದು ನನಗೆ ಅವಳ ಬಾಯಿಂದಲೇ ಗೊತ್ತಾಗಬೇಕಾಯಿತು.

ಗ್ರೇಸಿ ಹಾಳೆಗಳನ್ನು ಜೋಡಿಸಿದಳು. "ಚೆಂದ ಬರೆದಿದ್ದೀ. ಕನ್ನಡದಲ್ಲಿ ಬರೆದಿದ್ದೀ" ಎಂದಳು.

"ಸಂಘದ ಸಂಚಿಕೆ ಅಲ್ವಾ" ಎಂದೆ.

"ಲಿನೆಟ್‌ಗೆ ಕನ್ನಡ ಓದ್ಲಿಕ್ಕೆ ಬರೂದಿಲ್ಲ. ನಿನಗೆ ಗೊತ್ತುಂಟು."

ಅದು ನನಗೆ ಗೊತ್ತಿತ್ತು. ಬರೆಯಲು ಕೂತ ದಿನವೇ ಆ ಸಮಾಧಾನ ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು. ಊರಿಗೆಲ್ಲ ಹೇಳಿದ ಹಾಗೂ ಆಗುತ್ತದೆ, ಹೇಳಬೇಕಾದವಳಿಗೆ ತಲುಪುವುದೂ ಇಲ್ಲ.

"ನೀನೇ ಯಾಕೆ ಹೇಳ್ಲಿಲ್ಲ ಅವಳಿಗೆ, ಇಷ್ಟು ವರ್ಷ?" ಎಂದು ಕೇಳಿದೆ. ಕೇಳಬಾರದಿತ್ತು.

"ನಾನು ಹೇಳಿದ್ರೆ ನಂಬ್ತಾಳಾ? ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ತೇನೆ ಅಂತಾಳೆ. ವಾಸಂತಿ ಆಂಟಿ ಅಂದ್ರೆ ಅವಳಿಗೆ ಅಷ್ಟು ದೊಡ್ಡದು" ಎಂದು ಗ್ರೇಸಿ ಮೊಬೈಲ್ ತೆಗೆದು ನಂಬರ್ ಒತ್ತಿ ಸ್ಪೀಕರ್ ಹಾಕಿ ಟೀಪಾಯಿಯ ಮೇಲೆ ಇಟ್ಟಳು.

ಲಿನೆಟ್ ಎತ್ತಿದಳು. ಹಿಂದೆ ಮಗುವಿನ ಸದ್ದಿತ್ತು. ಗ್ರೇಸಿ ಏನೋ ಹೇಳಿದಳು. ಎದುರು ಕೂತ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಮಮ್ಮಾ? ಐ ಕಾಂಟ್ ಹಿಯರ್ ಯು, ಮಮ್ಮಾ. ವಾಸಂತಿ ಆಂಟಿ ಇದ್ದಾರಾ ಅಲ್ಲಿ? ಗಿವ್ ದ ಫೋನ್ ಟು ಹರ್."

ಗ್ರೇಸಿ ಫೋನನ್ನು ನನ್ನ ಕಡೆ ತಳ್ಳಿದಳು. ಹಾಳೆಗಳನ್ನೂ ತಳ್ಳಿ, ಕುರ್ಚಿಗಳ ಕೋಣೆಯ ಆ ಪುಟದ ಮೇಲೆ ಬೆರಳಿಟ್ಟಳು.

ನಾನು ಹೇಳಿದೆ. ಓದಲಿಲ್ಲ, ಓದಿದರೆ ಚೆಂದ ಕೇಳಿಸುತ್ತದೆ. ನಿನ್ನ ಅಮ್ಮ ಶ್ರುತಿ ಇಳಿಸಲು ಕೇಳಿದ್ದಳು, ಇಳಿಸಲು ಆಗುತ್ತಿತ್ತು, ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ, ನನ್ನ ದನಿ ಅಷ್ಟು ಕೆಳಗೆ ಹೋಗುವುದಿಲ್ಲ ಎಂಬ ಕಾರಣಕ್ಕೆ. ಅವಳ ಗಂಟಲು ಹೋದದ್ದು ತಣ್ಣೀರಿನಿಂದ ಅಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ತಡವರಿಸಿ ಹೇಳಿ ಮುಗಿಸಿದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಮಗುವಿನ ಸದ್ದೂ ನಿಂತಿತು, ಲಿನೆಟ್ ಬೇರೆ ಕೋಣೆಗೆ ಹೋಗಿರಬೇಕು. ಫೋನ್ ಇಟ್ಟುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಇಡಲಿಲ್ಲ.

"ಸೇ ಇಟ್ ಅಗೇನ್, ಆಂಟಿ" ಎಂದಳು. "ಸ್ಲೋಲಿ."

ಗ್ರೇಸಿ ಬೆರಳನ್ನು ಹಾಳೆಯ ಮೇಲಿಂದ ತೆಗೆದಿರಲಿಲ್ಲ. ನಾನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.